ಹುಡ್ ಎತ್ತಿ ನೋಡಿ: ಆರರ ಜಾಗದಲ್ಲಿ ಎಂಟು

ಚಳಿಗಾಲದಲ್ಲಿ ಬ್ಯಾಟರಿ ಯಾಕೆ ಕೈಕೊಡುತ್ತದೆ ಎಂದು ಕಳೆದ ತಿಂಗಳು ಬರೆದಿದ್ದೆ. ಅದನ್ನು ಓದಿದ ಇಬ್ಬರು ಅಂಕಲ್‌ಗಳು ಕನ್ನಡ ಶಾಲೆಯ ಪಾರ್ಕಿಂಗ್ ಲಾಟ್‌ನಲ್ಲಿ ನನ್ನ ಕೈಯಲ್ಲೇ ತಮ್ಮ ಬ್ಯಾಟರಿ ಟರ್ಮಿನಲ್ ಉಜ್ಜಿಸಿಕೊಂಡರು. ಈ ಸಲದ ವಿಷಯ ಸ್ಪಾರ್ಕ್ ಪ್ಲಗ್. ಇದು ಸ್ವಲ್ಪ ನಾಚಿಕೆಯ ಕಥೆ, ಯಾಕೆಂದರೆ ತಪ್ಪು ಪೂರ್ತಿ ನನ್ನದೇ.

ನಮ್ಮ ಹಳೆಯ ಕಾರನ್ನು ನೀವೆಲ್ಲ ನೋಡಿದ್ದೀರಿ. ಬಣ್ಣ ನೋಡಿ ತಂಗಿ ಅದಕ್ಕೆ "ಬೂದಿ" ಎಂದು ಹೆಸರಿಟ್ಟಿದ್ದಾಳೆ. ನಾಲ್ಕು ಸಿಲಿಂಡರ್, 1,08,000 ಮೈಲಿ ಓಡಿದೆ. ನನಗೆ ಲೆವೆಲ್ 2 ಲೈಸೆನ್ಸ್ ಬಂದ ಮೇಲೆ ಹೆಚ್ಚುಕಮ್ಮಿ ನಾನೇ ಅದನ್ನು ಓಡಿಸುವುದು. ಡಿಸೆಂಬರ್ ರಜೆಯಲ್ಲಿ ಮ್ಯಾನುಯಲ್ ಓದುವಾಗ ಪ್ಲಗ್ ಬದಲಾಯಿಸುವ ಸಮಯ ಬಂದಿದೆ ಎಂದು ಗೊತ್ತಾಯಿತು. ಗ್ಯಾರೇಜ್‌ನಲ್ಲಿ ವಿಚಾರಿಸಿದರೆ ಕೂಲಿ ಸೇರಿ ಇನ್ನೂರು ಡಾಲರ್ ಮೇಲಾಗುತ್ತದೆ ಎಂದರು. "ನಾನೇ ಮಾಡ್ತೀನಿ ಅಪ್ಪಾ, ದುಡ್ಡು ಉಳಿಯುತ್ತೆ" ಎಂದೆ. ಅಪ್ಪ ಒಪ್ಪಿದರು. ಒಂದೇ ಮಾತು ಹೇಳಿದರು: "ಈಗ ಅದರಲ್ಲಿ ಯಾವುದಿದೆಯೋ ಅದನ್ನೇ ತಂದು ಹಾಕು."

ನಾನು ಹಾಗೆ ಮಾಡಲಿಲ್ಲ. ರೇಸ್ ಕಾರುಗಳಿಗೆ "ಕೋಲ್ಡ್" ಪ್ಲಗ್ ಹಾಕುತ್ತಾರೆ ಎಂದು ಒಂದು ವಿಡಿಯೋದಲ್ಲಿ ನೋಡಿದ್ದೆ. ರೇಸ್ ಕಾರಿಗೆ ಒಳ್ಳೆಯದಾದರೆ ಬೂದಿಗೂ ಒಳ್ಳೆಯದೇ ಅಲ್ಲವೇ ಎಂದುಕೊಂಡು ಆನ್‌ಲೈನ್‌ನಲ್ಲಿ ನಾಲ್ಕು ತರಿಸಿದೆ. ಹಳೆಯ ಪ್ಲಗ್ ಬಿಚ್ಚಿ ಹೊಸದರ ಪಕ್ಕ ಇಟ್ಟಾಗ ಮರೆ ಒಂದೇ, ಉದ್ದ ಒಂದೇ. ಆದರೆ ಹಳೆಯದರ ಮೇಲಿನ ಕೋಡ್‌ನಲ್ಲಿ 6 ಇತ್ತು, ಹೊಸದರಲ್ಲಿ 8. ಆ ವ್ಯತ್ಯಾಸ ನನ್ನ ಕಣ್ಣಿಗೆ ಬಿತ್ತು. ದೊಡ್ಡ ನಂಬರ್ ಅಂದರೆ ಇನ್ನೂ ಒಳ್ಳೆಯ ಮಾಲು ಇರಬೇಕು ಎಂದುಕೊಂಡು ಹಾಕಿಬಿಟ್ಟೆ. ಅಪ್ಪನಿಗೆ ಹೇಳಲಿಲ್ಲ. ಗಾಡಿ ಸ್ಟಾರ್ಟ್ ಆಯಿತು, ನಾನು ಹೀರೋ ಆದೆ.

ಆ 6 ಮತ್ತು 8 ಏನು ಎಂಬುದು ಅರ್ಥವಾಗಬೇಕಾದರೆ ಪ್ಲಗ್ ಮಾಡುವ ಕೆಲಸ ಗೊತ್ತಿರಬೇಕು. ಬ್ಯಾಟರಿಯಿಂದ ಬರುವುದು 12 ವೋಲ್ಟ್. ಇಗ್ನಿಷನ್ ಕಾಯಿಲ್ ಅದನ್ನು ಸಾವಿರಾರು ವೋಲ್ಟ್‌ಗೆ ಏರಿಸುತ್ತದೆ. ಪ್ಲಗ್‌ನ ತುದಿಯಲ್ಲಿ ಎರಡು ಲೋಹದ ತುಂಡುಗಳ ನಡುವೆ ಒಂದು ಮಿಲಿಮೀಟರ್ ಆಸುಪಾಸಿನ ಸಂದು ಇರುತ್ತದೆ. ಅಲ್ಲಿ ಕಿಡಿ ಹಾರಿ ಗಾಳಿ ಮತ್ತು ಪೆಟ್ರೋಲ್‌ನ ಮಿಶ್ರಣ ಹೊತ್ತಿಕೊಳ್ಳುತ್ತದೆ. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರ್‌ನಲ್ಲೂ ನಿಮಿಷಕ್ಕೆ 1,000 ಸಲ ಹೀಗೆ ಬೆಂಕಿ ಹೊತ್ತಬೇಕು.

ಅಷ್ಟು ಬೆಂಕಿಯ ನಡುವೆ ಇರುವ ಪ್ಲಗ್‌ನ ತುದಿ ಒಂದು ಹದದಲ್ಲಿ ಬಿಸಿಯಾಗಿರಬೇಕು. ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟಿದರೆ ತುದಿಯಲ್ಲಿ ಕೂತ ಮಸಿ ತಾನೇ ಸುಟ್ಟುಹೋಗುತ್ತದೆ. 850 ಡಿಗ್ರಿ ದಾಟಿದರೆ ಕಿಡಿ ಬರುವ ಮೊದಲೇ ಆ ತುದಿಯ ಕಾವಿಗೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ ಹಾಳಾಗಬಹುದು. ಈ ಎರಡರ ನಡುವೆ ಪ್ಲಗ್ ಅನ್ನು ಇಡುವುದೇ "ಹೀಟ್ ರೇಂಜ್". ಇದಕ್ಕೂ ಕಿಡಿಯ ಬಿಸಿಗೂ ಸಂಬಂಧವಿಲ್ಲ. ತುದಿಯ ಬಿಸಿಯನ್ನು ಪ್ಲಗ್ ಎಷ್ಟು ಬೇಗ ಎಂಜಿನ್‌ಗೆ ದಾಟಿಸುತ್ತದೆ ಎಂಬುದರ ಅಳತೆ ಅದು. ಒಳಗಿನ ಬಿಳಿ ಪಿಂಗಾಣಿ ಮೂತಿ ಉದ್ದವಿದ್ದರೆ ಬಿಸಿ ನಿಧಾನವಾಗಿ ಇಳಿಯುತ್ತದೆ, ಅದು ಹಾಟ್ ಪ್ಲಗ್. ಗಿಡ್ಡವಿದ್ದರೆ ಬೇಗ ಇಳಿಯುತ್ತದೆ, ಅದು ಕೋಲ್ಡ್ ಪ್ಲಗ್. ಗಂಟೆಗಟ್ಟಲೆ ಪೂರ್ತಿ ವೇಗದಲ್ಲಿ ಓಡುವ ರೇಸ್ ಎಂಜಿನ್‌ಗೆ ಕೋಲ್ಡ್ ಬೇಕು. ಎನ್‌ಜಿಕೆ ಪ್ಲಗ್‌ಗಳಲ್ಲಿ ಒಂದು ನಂಬರ್ ಏರಿದರೆ ತುದಿ 70ರಿಂದ 100 ಡಿಗ್ರಿ ತಣ್ಣಗಾಗುತ್ತದೆ. ನಾನು ಎರಡು ನಂಬರ್ ಏರಿಸಿದ್ದೆ. ಅದೂ ಮಿಷಿಗನ್‌ನ ಜನವರಿಯಲ್ಲಿ, ಮನೆಯಿಂದ ಎರಡು ಮೈಲಿ ದೂರದ ಹೈಸ್ಕೂಲಿಗೆ ಹೋಗಿಬರುವ ಕಾರಿಗೆ.

ಫೆಬ್ರವರಿಯ ಒಂದು ಭಾನುವಾರ ಅಮ್ಮ ಮತ್ತು ತಂಗಿಯನ್ನು ಕೂರಿಸಿಕೊಂಡು ಕನ್ನಡ ಶಾಲೆಗೆ ಹೊರಟೆ. ಫ್ರೀವೇ ರ‍್ಯಾಂಪ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಕಾರು ಮುಂದೆ ಹೋಗುವ ಬದಲು ಕೆಮ್ಮಿದಂತೆ ನಡುಗಿತು. ಚೆಕ್ ಎಂಜಿನ್ ದೀಪ ಮಿಣಮಿಣ ಅನ್ನತೊಡಗಿತು. ನಾನು 40ರಲ್ಲಿದ್ದೆ. ಪಕ್ಕದ ಲೇನ್‌ನ ಟ್ರಕ್ಕುಗಳು 65ರಲ್ಲಿದ್ದವು. ರ‍್ಯಾಂಪ್ ಮುಗಿಯುತ್ತಿತ್ತು. ಹಿಂದಿನವನು ಹಾರ್ನ್ ಒತ್ತಿ ಹಿಡಿದ. ಅಮ್ಮ ಸೀಟಿನ ಅಂಚು ಹಿಡಿದುಕೊಂಡು, "ನಿಧಾನ ಪುಟ್ಟಾ, ಪಕ್ಕಕ್ಕೆ ತಗೋ" ಎಂದರು, ಅಷ್ಟೇ. ಶೋಲ್ಡರ್‌ನಲ್ಲಿ ನಿಲ್ಲಿಸಿದಾಗ ನನ್ನ ಕಾಲು ನಡುಗುತ್ತಿತ್ತು. ತಂಗಿ "ಬೂದಿಗೆ ಜ್ವರನಾ?" ಎಂದು ಕೇಳಿದಳು. ನನಗೆ ನಗು ಬರಲಿಲ್ಲ. ಆ 8 ನೆನಪಾಗಿತ್ತು.

ಅಪ್ಪ ಬಂದು ಟೋ ಮಾಡಿಸಿ ಕಾರು ಮನೆಗೆ ತಂದರು. ಸ್ಕ್ಯಾನರ್ ಹಾಕಿದಾಗ P ಬದಲು ನಾವು "ಪಿ" ಅನ್ನೋಣ, ಪಿ0302 ಎಂಬ ಕೋಡ್ ಬಂತು. ಎರಡನೇ ಸಿಲಿಂಡರ್‌ನಲ್ಲಿ ಬೆಂಕಿ ಸರಿಯಾಗಿ ಹೊತ್ತುತ್ತಿಲ್ಲ ಎಂದು ಅದರರ್ಥ. ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ಆದಷ್ಟು ಬೇಗ ತೋರಿಸಿ. ಮಿಣಮಿಣ ಅಂದರೆ ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿಬಿಡಿ. ಸುಡದೆ ಉಳಿದ ಪೆಟ್ರೋಲ್ ಎಕ್ಸಾಸ್ಟ್‌ಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಹಾಳುಮಾಡಬಹುದು. ಅದನ್ನು ಬದಲಾಯಿಸುವ ಖರ್ಚಿನ ಮುಂದೆ ನಾನು ಉಳಿಸಿದ ದುಡ್ಡು ಏನೂ ಅಲ್ಲ.

ರಾತ್ರಿ ಮೈಸೂರಿನ ತಾತನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಿಗ್ಗೆ, ಕಾಫಿ ಲೋಟ ಕೈಯಲ್ಲಿತ್ತು. ತಾತ ಇಪ್ಪತ್ತು ವರ್ಷಕ್ಕೂ ಹೆಚ್ಚು ಯೆಜ್ಡಿ ಓಡಿಸಿದವರು. ಆ ಬೈಕ್ ತಯಾರಾಗುತ್ತಿದ್ದುದೇ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಅದು 1996ರಲ್ಲಿ ಮುಚ್ಚಿತು. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ಜೊತೆ ಆಯಿಲ್ ಕೂಡ ಸುಡುವುದರಿಂದ ಪ್ಲಗ್ ಬೇಗ ಕೊಳೆಯಾಗುತ್ತದೆ. ಅದಕ್ಕೇ ತಾತನ ಟೂಲ್ ಬಾಕ್ಸ್‌ನಲ್ಲಿ ಯಾವಾಗಲೂ ಇನ್ನೊಂದು ಮೈಕೋ ಪ್ಲಗ್ ಇರುತ್ತಿತ್ತಂತೆ. ಮೈಕೋ ಅಂದರೆ ಬೆಂಗಳೂರಿನ ಆಡುಗೋಡಿಯಲ್ಲಿ 1951ರಲ್ಲಿ ಶುರುವಾದ ಕಂಪನಿ. 2008ರಿಂದ ಅದರ ಹೆಸರು ಬಾಷ್.

ಬಿಚ್ಚಿದ ನಾಲ್ಕೂ ಪ್ಲಗ್‌ಗಳನ್ನು ಕ್ಯಾಮೆರಾ ಮುಂದೆ ಹಿಡಿದೆ.

"ಕಪ್ಪಗಿದೆ. ಬೆರಳಲ್ಲಿ ಒರೆಸು ನೋಡೋಣ."

"ಪುಡಿ ಪುಡಿಯಾಗಿ ಹತ್ತುತ್ತೆ ತಾತ."

"ಜಿಡ್ಡಿದೆಯಾ?"

"ಇಲ್ಲ, ಒಣಗಿದೆ."

"ಹಂಗಾದ್ರೆ ಆಯಿಲ್ ಅಲ್ಲ, ಬರೀ ಮಸಿ. ಎಂಜಿನ್ ಚೆನ್ನಾಗೇ ಇದೆ ಕಣೋ. ಪ್ಲಗ್‌ಗೆ ಬಿಸಿ ಸಾಲ್ತಿಲ್ಲ. ಯಾವ ನಂಬರ್ ಹಾಕಿದ್ದೆ?"

ಅಪ್ಪ ಪಕ್ಕದಲ್ಲೇ ನಿಂತಿದ್ದರು. ಹೇಳಲೇಬೇಕಾಯಿತು. "ಮೊದಲು ಆರಿತ್ತು, ನಾನು ಎಂಟು ಹಾಕಿದೆ. ನೋಡಿಯೇ ಹಾಕಿದೆ."

ಅಪ್ಪ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲದೆ ಹಾಕಿದ್ರೆ ಬೇರೆ ಮಾತು. ಗೊತ್ತಿದ್ದೂ ಹೇಳಲಿಲ್ಲವಲ್ಲ" ಎಂದರು. ಅದರ ಬದಲು ಬೈದಿದ್ದರೇ ಚೆನ್ನಾಗಿತ್ತು.

ತಾತ ಹೇಳಿದ್ದು ಸರಿಯಾಗಿತ್ತು. ಮಸಿ ಕರೆಂಟ್ ಹರಿಯಲು ಬಿಡುತ್ತದೆ. ಪಿಂಗಾಣಿಯ ಮೇಲೆ ಮಸಿ ಕೂತರೆ ಕರೆಂಟ್‌ಗೆ ಸಂದು ಹಾರುವ ಕಷ್ಟವೇ ಬೇಡ, ಮಸಿಯ ಮೇಲೇ ಹರಿದು ಹೋಗುತ್ತದೆ. ಆಗ ಕಿಡಿ ಬರುವುದಿಲ್ಲ. ಪ್ಲಗ್ ಬಿಚ್ಚಿದಾಗ ಬಣ್ಣ ನೋಡುವುದನ್ನು ನೀವೂ ಕಲಿಯಿರಿ. ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಎಲ್ಲ ಸರಿ. ಒಣ ಮಸಿ ಇದ್ದರೆ ಪ್ಲಗ್ ತೀರಾ ಕೋಲ್ಡ್, ಅಥವಾ ಪೆಟ್ರೋಲ್ ಹೆಚ್ಚಾಗುತ್ತಿದೆ, ಅಥವಾ ಬರೀ ಸಣ್ಣ ಸಣ್ಣ ಓಡಾಟ. ಜಿಡ್ಡು ಕಪ್ಪು ಇದ್ದರೆ ಸಿಲಿಂಡರ್ ಒಳಗೆ ಆಯಿಲ್ ಬರುತ್ತಿದೆ. ಬೆಳ್ಳಗೆ ಗುಳ್ಳೆ ಎದ್ದಿದ್ದರೆ ಅತಿಯಾಗಿ ಬಿಸಿಯಾಗಿದೆ.

ಆದರೆ ತಾತನ ಎರಡು ಸಲಹೆಗಳನ್ನು ನಾನು ಪಾಲಿಸಲಿಲ್ಲ. "ಸ್ಯಾಂಡ್ ಪೇಪರ್‌ನಲ್ಲಿ ಉಜ್ಜು, ಹ್ಯಾಕ್ಸಾ ಬ್ಲೇಡ್ ತುಂಡು ತೂರಿಸಿ ಗ್ಯಾಪ್ ಸೆಟ್ ಮಾಡು" ಎಂದರು. ಅವರ ಕಾಲದ ದಪ್ಪ ನಿಕಲ್ ತುದಿಗೆ ಅದು ನಡೆಯುತ್ತಿತ್ತು. ಬೂದಿಗೆ ಬೇಕಾಗಿರುವುದು ಇರಿಡಿಯಂ ಪ್ಲಗ್. ಅದರ ತುದಿ ಅರ್ಧ ಮಿಲಿಮೀಟರ್ ಆಸುಪಾಸಿನ ತಂತಿ. ಇರಿಡಿಯಂ ಕರಗುವುದು ಸುಮಾರು 2,446 ಡಿಗ್ರಿಯಲ್ಲಿ, ನಿಕಲ್ 1,455 ಡಿಗ್ರಿಯಲ್ಲಿ. ಅದಕ್ಕೇ ಅಷ್ಟು ಸಣ್ಣ ತುದಿ ಬೇಗ ಸವೆಯದೆ ಬಾಳುತ್ತದೆ. ಆದರೆ ಉಜ್ಜಿದರೆ, ಬ್ಲೇಡ್ ತೂರಿಸಿದರೆ ಮುರಿಯಬಹುದು. ಹೇಗೆ ಹೇಳುವುದು ಎಂದು ಹೆದರುತ್ತಲೇ ಹೇಳಿದೆ. ತಾತ ನಕ್ಕು, "ನನ್ನ ಗಾಡಿಗೆ ನನ್ನ ಬ್ಲೇಡು, ನಿನ್ನ ಗಾಡಿಗೆ ನಿನ್ನ ಪುಸ್ತಕ. ಪುಸ್ತಕ ನೋಡಿ ಹಾಕು ಹೋಗು" ಎಂದರು.

ಹಾಗೆ ಪುಸ್ತಕ ನೋಡಿ ಕಲಿತದ್ದನ್ನು ನಿಮಗಾಗಿ ಬರೆಯುತ್ತೇನೆ.

ಮೊದಲನೆಯದು, ಮ್ಯಾನುಯಲ್‌ನಲ್ಲಿರುವ ಕೋಡ್ ಬರೆದುಕೊಳ್ಳಿ. ಅದರಲ್ಲಿ ಎಲ್ಲವೂ ಇದೆ. ಎನ್‌ಜಿಕೆಯ ಬಹಳ ಸಾಮಾನ್ಯವಾದ ಬಿಪಿಆರ್6ಇಎಸ್ ತೆಗೆದುಕೊಳ್ಳಿ. ಬಿ ಅಂದರೆ 14 ಮಿಲಿಮೀಟರ್ ಮರೆ. ಪಿ ಅಂದರೆ ಮೂತಿ ಸ್ವಲ್ಪ ಮುಂದೆ ಚಾಚಿದೆ. ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ, ರೇಡಿಯೋ ಮತ್ತು ಕಂಪ್ಯೂಟರ್‌ಗೆ ಕಿಡಿಯ ಗದ್ದಲ ಮುಟ್ಟದಂತೆ ತಡೆಯಲು. 6 ಹೀಟ್ ರೇಂಜ್. ಇ ಅಂದರೆ ಮರೆಯ ಭಾಗದ ಉದ್ದ 19 ಮಿಲಿಮೀಟರ್. ಎಸ್ ಅಂದರೆ ಸಾಧಾರಣ ತುದಿ. ಕೊನೆಯಲ್ಲಿ 11 ಎಂದಿದ್ದರೆ ಗ್ಯಾಪ್ 1.1 ಮಿಲಿಮೀಟರ್.

ಎರಡನೆಯದು, ಒಂದು ಕಂಪನಿಯ ನಂಬರ್ ಇನ್ನೊಂದಕ್ಕೆ ಹೊಂದುವುದಿಲ್ಲ. ಎನ್‌ಜಿಕೆಯ 6 ಡೆನ್ಸೋದಲ್ಲಿ 20. ಈ ಎರಡರಲ್ಲೂ ನಂಬರ್ ಏರಿದರೆ ಕೋಲ್ಡ್. ಬಾಷ್ ಮತ್ತು ಚಾಂಪಿಯನ್‌ನಲ್ಲಿ ತಿರುಗುಮುರುಗು, ನಂಬರ್ ಏರಿದರೆ ಹಾಟ್. ಅಂದಾಜು ಮಾಡಬೇಡಿ, ಹೋಲಿಕೆ ಪಟ್ಟಿ ನೋಡಿ.

ಮೂರನೆಯದು, ಉದ್ದ. ಮರೆ ಕೂತ ಮಾತ್ರಕ್ಕೆ ಪ್ಲಗ್ ಸರಿ ಎಂದಲ್ಲ. ಉದ್ದ ಹೆಚ್ಚಾದರೆ ಪಿಸ್ಟನ್ ಬಂದು ತುದಿಗೆ ಬಡಿಯಬಹುದು. ಕಡಿಮೆಯಾದರೆ ಖಾಲಿ ಮರೆಯಲ್ಲಿ ಮಸಿ ತುಂಬುತ್ತದೆ.

ನಾಲ್ಕನೆಯದು, ಲೋಹ. ಇರಿಡಿಯಂ ಹಾಕಿದರೆ ಪವರ್ ಹೆಚ್ಚುತ್ತದೆ ಎಂದು ನಂಬಬೇಡಿ. ಅದು ಹೆಚ್ಚು ಕಾಲ ಬಾಳುತ್ತದೆ, ಅಷ್ಟೇ. ಮ್ಯಾನುಯಲ್ ಇರಿಡಿಯಂ ಕೇಳಿದರೆ ಇರಿಡಿಯಂ ಹಾಕಿ. ನಕಲಿ ಪ್ಲಗ್‌ಗಳೂ ಇರುವುದರಿಂದ ನಂಬಿಕೆಯ ಅಂಗಡಿಯಲ್ಲಿ ಕೊಳ್ಳಿ.

ಐದನೆಯದು, ಹಾಕುವಾಗ ಎಂಜಿನ್ ತಣ್ಣಗಿರಲಿ. ಪ್ಲಗ್ ಬಿಚ್ಚುವ ಮೊದಲು ಸುತ್ತಲಿನ ಧೂಳು ಊದಿ ತೆಗೆಯಿರಿ. ಹೊಸದನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಟಾರ್ಕ್ ರೆಂಚ್‌ನಲ್ಲಿ ಮ್ಯಾನುಯಲ್ ಹೇಳಿದಷ್ಟೇ ಬಿಗಿಮಾಡಿ. ಅಲ್ಯೂಮಿನಿಯಂ ಹೆಡ್‌ನ ಮರೆ ಕಿತ್ತುಹೋದರೆ ಪ್ಲಗ್‌ಗಿಂತ ದೊಡ್ಡ ಖರ್ಚು.

ಸರಿಯಾದ ನಾಲ್ಕು ಪ್ಲಗ್‌ಗೆ ಸುಮಾರು ಐವತ್ತು ಡಾಲರ್ ಆಯಿತು. ಪಕ್ಕದ ಮನೆಗಳ ಡ್ರೈವ್‌ವೇ ಹಿಮ ತೆಗೆದು ಗಳಿಸಿದ ದುಡ್ಡಿನಲ್ಲಿ ಕೊಟ್ಟೆ. ಟೋ ಖರ್ಚನ್ನು ಇನ್ನೂ ತೀರಿಸುತ್ತಿದ್ದೇನೆ. ಹೊಸ ಪ್ಲಗ್ ಹಾಕುವ ಮೊದಲು ಒಂದೊಂದನ್ನೂ ಅಪ್ಪನ ಕೈಗೆ ಕೊಟ್ಟು ಕೋಡ್ ಜೋರಾಗಿ ಓದಿಸಿದೆ. ನಾಲ್ಕು ಸಲವೂ ಆರು. ಕೀ ತಿರುಗಿಸಿದಾಗ ಬೂದಿ ನಡುಗದೆ ಸ್ಟಾರ್ಟ್ ಆಯಿತು. ಆ ಕೋಡ್ ಮತ್ತೆ ಬಂದಿಲ್ಲ, ಕನ್ವರ್ಟರ್ ಕೂಡ ಉಳಿದಿದೆ.

ಮುಂದಿನ ಭಾನುವಾರ ಅದೇ ರ‍್ಯಾಂಪ್. ಅಮ್ಮ ಮುಂದಿನ ಸೀಟಿನಲ್ಲಿ ಕೂತರು. ಈ ಸಲವೂ ಸೀಟಿನ ಅಂಚು ಹಿಡಿದುಕೊಂಡೇ ಇದ್ದರು. 65 ತಲುಪಿ ಲೇನ್‌ಗೆ ಸೇರಿದ ಮೇಲೆ ಕೈ ಬಿಟ್ಟರು.

ಮುಂದಿನ ತಿಂಗಳು ಟೈರ್‌ನ ಪಕ್ಕದಲ್ಲಿ ಬರೆದಿರುವ ನಂಬರ್‌ಗಳನ್ನು ಓದೋಣ. ಅಲ್ಲಿಯವರೆಗೆ ನಿಮ್ಮ ಕಾರಿನ ಮ್ಯಾನುಯಲ್ ಎಲ್ಲಿದೆ ಎಂದು ಒಮ್ಮೆ ಹುಡುಕಿಟ್ಟುಕೊಳ್ಳಿ.