ಯಂತ್ರಕ್ಕೆ ಬೇಕಾದದ್ದು ಮುಹೂರ್ತವಲ್ಲ, ಆಚಾರ



ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದ ನಮ್ಮ ಯುವಕರು ಫೋರ್ಕ್‌ಲಿಫ್ಟ್ ಕೊಂಡು ಬಾಡಿಗೆಗೆ ಕೊಡುವ ಉದ್ಯೋಗಕ್ಕೆ ಇಳಿಯುವುದಾದರೆ ಸಂತೋಷವೇ. ತೋರಣಗಲ್ಲಿನ ಸುತ್ತ ಕಾರ್ಖಾನೆಗಳಿವೆ, ಕಂಪ್ಲಿಯಲ್ಲಿ ಅಕ್ಕಿ ಗಿರಣಿಗಳಿವೆ. ಆದರೆ ಸಾಲ ಮಂಜೂರಾದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? "ಯಾವ ದಿನ ತರಬೇಕು? ರಾಹುಕಾಲ ಎಷ್ಟು ಹೊತ್ತಿಗೆ?" ಕೊರಳಲ್ಲಿ ಇಷ್ಟಲಿಂಗ, ಕೈಯಲ್ಲಿ ಪಂಚಾಂಗ! ಇದಕ್ಕಿಂತ ದೊಡ್ಡ ವಿಪರ್ಯಾಸ ಉಂಟೇ?

ನೆನಪಿರಲಿ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಅದಿರಿನ ಲಾರಿಗಳು ನಿಂತಲ್ಲೇ ನಿಂತವು. ಆ ಲಾರಿಗಳಿಗೂ ಪೂಜೆಯಾಗಿತ್ತು, ನಿಂಬೆಹಣ್ಣು ಕಟ್ಟಿತ್ತು. ನಿಲ್ಲದೇ ಬಂದದ್ದು ಸಾಲದ ಕಂತು ಮಾತ್ರ. ಒಂದೇ ಗಣಿ, ಒಬ್ಬನೇ ಗುತ್ತಿಗೆದಾರನನ್ನು ನಂಬಿ ಸಾಲ ಮಾಡಬಾರದೆಂಬ ಪಾಠವನ್ನು ಯಾವ ಜ್ಯೋತಿಷಿ ಹೇಳಿಕೊಟ್ಟ?

ಯಂತ್ರಕ್ಕೂ ಒಂದು ಆಚಾರವಿದೆ. 3 ಟನ್ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಭಾರದ ಮಧ್ಯಬಿಂದು ಫೋರ್ಕಿನ ಬುಡದಿಂದ 500 ಮಿಲಿಮೀಟರ್ ದೂರದಲ್ಲಿದ್ದಾಗಿನ ಲೆಕ್ಕ. ಭಾರ ಮುಂದಕ್ಕೆ ಸರಿದಷ್ಟೂ ಎತ್ತುವ ಶಕ್ತಿ ಇಳಿಯುತ್ತದೆ. ಮೀರಿದರೆ ಹಿಂದಿನ ಗಾಲಿ ಮೇಲೇಳುತ್ತದೆ. ಭಾರ ಮೇಲೆತ್ತಿಕೊಂಡು ತಿರುಗಿಸಿದರೆ ಯಂತ್ರವೇ ಮಗುಚುತ್ತದೆ. ಸಂಡೂರಿನ ಕೆಂಧೂಳು ಏರ್ ಫಿಲ್ಟರನ್ನೂ ರೇಡಿಯೇಟರನ್ನೂ ಕಟ್ಟಿಹಾಕುತ್ತದೆ. ದಿನವೂ ಬೆಳಿಗ್ಗೆ ಬ್ರೇಕು, ಚೈನು, ಹೈಡ್ರಾಲಿಕ್ ಪೈಪು ನೋಡುವುದೇ ನಿಜವಾದ ಪೂಜೆ. ತರಬೇತಿ ಇಲ್ಲದ ಹುಡುಗನನ್ನು ಕಡಿಮೆ ಕೂಲಿಗೆ ಕೂರಿಸಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರೆ ಅವನ ಪ್ರಾಣ ಉಳಿದೀತೇ?

"ಮನೆಯಲ್ಲಿ ಕೂತು ಬಾಡಿಗೆ ಎಣಿಸುವುದೂ ಕಾಯಕವೇ?" ಎಂದು ಹಿರಿಯರು ಕೇಳುತ್ತಾರೆ. ಕೇಳಬೇಕಾದ ಮಾತೇ. ಬರಿಯ ಬಾಡಿಗೆ ಕಾಯಕವಲ್ಲ. ಸುಸ್ಥಿತಿಯ ಯಂತ್ರ, ಕಲಿತ ಆಪರೇಟರ್, ಹೊತ್ತಿಗೆ ಸರಿಯಾದ ಕೂಲಿ, ಗಂಟೆಯ ಲೆಕ್ಕದಲ್ಲಿ ಸುಳ್ಳಿಲ್ಲದ ಬಿಲ್ಲು, ಇವುಗಳ ಹೊಣೆ ಹೊತ್ತಾಗ ಅದು ಕಾಯಕ. ಸದಾಚಾರವೆಂದರೆ ಇದೇ.

ಇನ್ನೊಂದು ಮಾತು. ನಮ್ಮ ಯಂತ್ರ ಗಿರಣಿಯೊಳಗೆ ಹೋದಾಗ ಮೂಟೆ ಹೊರುವ ಹಮಾಲರ ಎದೆ ಝಲ್ಲೆನ್ನುತ್ತದೆ. ಬೆನ್ನಿನ ಭಾರ ಇಳಿಯಲಿ, ಅನ್ನ ಇಳಿಯದಿರಲಿ. ಮೂಟೆಗಳನ್ನು ಪ್ಯಾಲೆಟ್ಟಿನ ಮೇಲೆ ಜೋಡಿಸಲು ಕೈ ಬೇಕು, ಯಂತ್ರ ನಡೆಸಲು ಆಳು ಬೇಕು. ಆ ಕೆಲಸವನ್ನು ಮೊದಲು ಅವರಿಗೇ ಕಲಿಸೋಣ. ಆಯ್ದಕ್ಕಿ ಮಾರಯ್ಯನವರು ಹೆಚ್ಚು ತಂದ ಅಕ್ಕಿಯನ್ನು ಲಕ್ಕಮ್ಮನವರು ಹಿಂದಕ್ಕೆ ಕಳಿಸಿದ ಕಥೆಯನ್ನು ಪ್ರವಚನದಲ್ಲಿ ಕೇಳಿ ತಲೆದೂಗುವ ನಾವು, ಗಿರಣಿಯ ಬಾಗಿಲಲ್ಲಿ ಅದನ್ನು ಮರೆಯಬಹುದೇ?

ಪಂಚಾಂಗ ಬದಿಗಿಡಿ. ಯಂತ್ರ ನೋಡಿ, ಲೆಕ್ಕ ನೋಡಿ, ಆಳಿನ ಮುಖ ನೋಡಿ. ಅದು ಸರಿಯಿದ್ದ ದಿನವೇ ಶುಭದಿನ.