ಬಾನಾಮತಿಯ ನೆಲದಲ್ಲಿ ‘ತುಳಸಿದಳ’
ತೆಲುಗಿನ ಯಂಡಮೂರಿ ವೀರೇಂದ್ರನಾಥರ ಕಾದಂಬರಿ ‘ತುಳಸಿದಳ’ವನ್ನು ಬೆಂಗಳೂರಿನಲ್ಲಿ ಓದುವುದು ಬೇರೆ, ಹತ್ತಿಕುಣಿಯಲ್ಲಿ ಓದುವುದು ಬೇರೆ. ಯಾದಗಿರಿಯ ಈ ಸೀಮೆಗೆ ತೆಲುಗು ನೆರೆಮನೆಯ ಭಾಷೆ. ಬಾನಾಮತಿ ಎಂಬ ಮಾಟವಂತೂ ಬರೀ ಪುಸ್ತಕದ ಮಾತಲ್ಲ. ಕೂಸು ಕಾರಣವಿಲ್ಲದೆ ಸೊರಗಿದರೆ ‘ಯಾರೋ ಮಾಡಿಸ್ಯಾರ’ ಎಂಬ ಪಿಸುಮಾತು ಇಲ್ಲಿ ಇನ್ನೂ ಹುಟ್ಟುತ್ತದೆ. ಹಾಗಾಗಿ ಆಸ್ತಿಯಾಸೆಗೆ ಪುಟ್ಟ ತುಳಸಿಯ ಮೇಲೆ ಕಾಷ್ಮೋರಾ ಎಂಬ ಕ್ಷುದ್ರಶಕ್ತಿಯ ಪ್ರಯೋಗವಾಗುವ ಆ ಕಥೆ ನೇರ ಎದೆಗೇ ನಾಟುತ್ತದೆ. ಕನ್ನಡಕ್ಕೆ ಬಂದು, 1985ರಲ್ಲಿ ಕನ್ನಡ ಸಿನಿಮಾ ಕೂಡ ಆದ ಕಾದಂಬರಿ ಅದು. ಅದರ ಓಟ, ಧಾರಾವಾಹಿಯ ಕಂತಿಗೆ ಪಳಗಿದ ಬರವಣಿಗೆ, ಎಲ್ಲವೂ ನನಗಿಷ್ಟ. ಅದಕ್ಕಿಂತ ಹೆಚ್ಚಾಗಿ ಮೆಚ್ಚಿದ್ದು, ಮಾಂತ್ರಿಕನ ಎದುರಿಗೇ ವೈದ್ಯವನ್ನೂ ಸಂಮೋಹನ ವಿದ್ಯೆಯನ್ನೂ ನಿಲ್ಲಿಸಿ, ಯಾವುದು ನಿಜವೆಂಬ ತೀರ್ಮಾನವನ್ನು ಓದುಗನಿಗೇ ಬಿಟ್ಟ ಧೈರ್ಯವನ್ನು. ಆದರೆ ಮುಂದಿನ ಭಾಗ ‘ತುಳಸಿ’ಯಲ್ಲಿ ತಕ್ಕಡಿ ಮಂತ್ರದ ಕಡೆಗೇ ವಾಲಿತು. ಭಯ ಹೆಚ್ಚಿತು, ಪ್ರಶ್ನೆ ಸತ್ತಿತು. ಅಮಾನವೀಯ ಆಚರಣೆ, ವಾಮಾಚಾರಗಳನ್ನು ತಡೆಯಲು 2017ರಲ್ಲಿ ಕಾಯ್ದೆಯನ್ನೇ ತರಬೇಕಾದ ರಾಜ್ಯದಲ್ಲಿ ಇದು ಕೇವಲ ರುಚಿಯ ಮಾತಲ್ಲ. ಮಾಟಗಾತಿಯೆಂದು ಬೆರಳು ತೋರಿಸಿಕೊಳ್ಳುವವಳು ಬಹುತೇಕ ಒಂಟಿ ಹೆಂಗಸು, ಬಡವಿ. ಇದೇ ಲೇಖಕರು ‘ಬೆಳದಿಂಗಳ ಬಾಲೆ’ಯಲ್ಲಿ ಭೂತಪ್ರೇತದ ಹಂಗಿಲ್ಲದೆ, ಕಾಣದ ಹುಡುಗಿಯ ದನಿಯೊಂದರಿಂದಲೇ ಕುತೂಹಲ ಕಟ್ಟಿದವರು. ಆ ಕಸುಬು ಬಲ್ಲವರಿಗೆ ಕಾಷ್ಮೋರಾನನ್ನು ಮತ್ತೆ ಎಬ್ಬಿಸುವ ಅಗತ್ಯವಿರಲಿಲ್ಲ. ಹೊಸದಾಗಿ ಓದಲು ಕೂತ ಹುಡುಗ ಹುಡುಗಿಯರು ಕೇಳಿದರೆ ‘ತುಳಸಿದಳ’ವನ್ನು ಸಂತೋಷದಿಂದ ಕೊಡುತ್ತೇನೆ, ‘ತುಳಸಿ’ಯನ್ನು ಕೊಡುವ ಮುನ್ನ ಅವರನ್ನು ಕೂರಿಸಿಕೊಂಡು ಒಂದಿಷ್ಟು ಮಾತಾಡುತ್ತೇನೆ.