ಕೊಂಬಿನ ಹಿಡಿ: ಒರಟೋ, ನಯವೋ?

ಊರಿಗೊಯ್ಯಲು ಸೀಫ್‌ನಲ್ಲಿ ಉಡುಗೊರೆ ಹುಡುಕುವ ನಮಗೆ ಕೊಂಬಿನ ಹಿಡಿಯ ಮಡಿಚುವ ಚಾಕು ಕಂಡರೆ, ಒರಟು ಹಿಡಿಯದೋ ನಯಮಾಡಿದ್ದೋ ಎಂಬ ಪ್ರಶ್ನೆ ಸಹಜ. ಒರಟೇ ಮೇಲೆಂದು ನಮ್ಮ ಮತ. ಒದ್ದೆ ಕೈಯಿಂದಲೂ ಅದು ಸುಲಭವಾಗಿ ಜಾರದು. ಕೊಂಬಿನ ಗಟ್ಟಿತನವಿರುವುದು ಹೊರಪದರದಲ್ಲಿ. ಅತಿಯಾಗಿ ಉಜ್ಜಿದರೆ ಒಳಗಿನ ಮೆದು ತಿರುಳು ಹೊರಬಂದು ಕೊಳೆ ಹಿಡಿಯುತ್ತದೆ.

ಆದರೆ ಮೊದಲು ಕೇಳಬೇಕಾದುದು, ಇದು ಯಾವ ಪ್ರಾಣಿಯ ಕೊಂಬು? ಇಂಗ್ಲೆಂಡಿನ ಶೆಫೀಲ್ಡಿನ ಚಾಕು ತಯಾರಕರು ಹಿಂದೆ ಮೆಚ್ಚಿ ತರಿಸುತ್ತಿದ್ದುದು ನಮ್ಮ ಕಾಡಿನ ಕಡವೆಯ ಕೊಂಬನ್ನು. ಕಡವೆ ತಾನಾಗಿಯೇ ಕೊಂಬು ಉದುರಿಸುತ್ತದೆ, ನಿಜ. ಆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಭಾರತದಲ್ಲಿ ಅದರ ವ್ಯಾಪಾರ ಇಂದು ಅಪರಾಧ. ನಾವು ಪ್ರೀತಿಯಿಂದ ಕೊಟ್ಟ ಚಾಕು ಭಾವನವರನ್ನು ಠಾಣೆಯ ಮೆಟ್ಟಿಲು ಹತ್ತಿಸಬಾರದು. ಮೂಲ ತಿಳಿಯದಿದ್ದರೆ ಮರದ ಹಿಡಿಯೇ ಲೇಸು.